‘ಡಿಗ್’ ಕೊಟ್ಟ ಉತ್ತರ, ಕೈಪಿಡಿ ಕೊಡಬೇಕಾದ ವಿವರ

ಟರ್ಮಿನಲ್‌ನಲ್ಲಿ ‘ಡಿಗ್’ ಎಂದು ಬರೆದು, ಪಕ್ಕಕ್ಕೆ ಜಾಲತಾಣವೊಂದರ ಹೆಸರು ಕೊಟ್ಟು ಎಂಟರ್ ಒತ್ತಿದರೆ ಹದಿನೈದು ಇಪ್ಪತ್ತು ಸಾಲು ಬಂದು ಬೀಳುತ್ತವೆ. ಹೆಚ್ಚಿನವು ‘;’ ಗುರುತಿನಿಂದ ಶುರು. ನಡುವೆ ಎಲ್ಲೋ ಒಂದು ಐಪಿ ವಿಳಾಸ. ಹೊಸಬರು ಅದನ್ನಷ್ಟೇ ನೋಡಿ ಮುಂದೆ ಹೋಗುತ್ತಾರೆ. ತಾಣ ಕೈಕೊಟ್ಟ ದಿನ ಬೇಕಾಗುವುದು ಉಳಿದ ಸಾಲುಗಳೇ.

ವಿಳಾಸದ ಎಡಕ್ಕಿರುವ ಸಂಖ್ಯೆಯನ್ನೇ ನೋಡಿ. ಈಗ 300 ಇದ್ದದ್ದು ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ 262. ಈ ಉತ್ತರವನ್ನು ಇನ್ನೆಷ್ಟು ಸೆಕೆಂಡು ನೆನಪಿಟ್ಟುಕೊಳ್ಳಬಹುದು ಎಂಬ ಲೆಕ್ಕ ಅದು. ಸಂಖ್ಯೆ ಇಳಿಯುತ್ತಿದೆ ಎಂದರೆ ಉತ್ತರ ಮೂಲ ಸರ್ವರ್‌ನಿಂದ ಬಂದದ್ದಲ್ಲ, ನಡುವಿನವರು ಇಟ್ಟುಕೊಂಡ ಪ್ರತಿ. ‘ಸರ್ವರ್ ಬದಲಿಸಿದರೂ ಹಳೆಯ ತಾಣವೇ ಬರುತ್ತಿದೆ’ ಎಂಬ ದೂರಿಗೆ ಕಾರಣ ಎಷ್ಟೋ ಸಲ ಇಲ್ಲೇ ಸಿಗುತ್ತದೆ.

ಇನ್ನೊಂದು ಗೊಂದಲದ ಬೇರು ಹಳೆಯದು. ಹಿಂದೆ ನೆಟ್‌ವರ್ಕ್‌ನ ಕಂಪ್ಯೂಟರುಗಳ ಹೆಸರೆಲ್ಲ ಒಂದೇ ಕಡತದಲ್ಲಿದ್ದವು. ಅದನ್ನು ನೋಡಿಕೊಳ್ಳುತ್ತಿದ್ದದ್ದು ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಶೋಧನಾ ಸಂಸ್ಥೆ. ಕಡತ ಬೆಳೆದು ಸಂಭಾಳಿಸಲಾಗದೆ ಹೋದಾಗ ಪಾಲ್ ಮೊಕಪೆಟ್ರಿಸ್ 1983ರಲ್ಲಿ, ಹೆಸರು ಕೊಟ್ಟರೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸಿದರು. ಆ ಕಡತದ ಕುಡಿ ‘ಹೋಸ್ಟ್ಸ್’ ಎಂಬ ಹೆಸರಿನಲ್ಲಿ ಇಂದಿಗೂ ಪ್ರತಿ ಕಂಪ್ಯೂಟರಿನಲ್ಲಿದೆ. ‘ಪಿಂಗ್’ ಸಾಮಾನ್ಯವಾಗಿ ಮೊದಲು ಅದನ್ನು ನೋಡುತ್ತದೆ. ಡಿಗ್ ಅದರತ್ತ ತಿರುಗಿಯೂ ನೋಡುವುದಿಲ್ಲ, ನೇರ ಡಿಎನ್‌ಎಸ್ ಸರ್ವರನ್ನೇ ಕೇಳುತ್ತದೆ. ಹಾಗಾಗಿ ಒಂದೇ ಹೆಸರಿಗೆ ಎರಡು ವಿಳಾಸ ಕಂಡು, ಯಾವುದನ್ನು ನಂಬುವುದೆಂದು ತಿಳಿಯದೆ ಇಡೀ ಮಧ್ಯಾಹ್ನ ಕಳೆದವರಿದ್ದಾರೆ. ಸಾಧನ ಏನು ಮಾಡುತ್ತದೆ ಎಂಬಷ್ಟೇ ಗಟ್ಟಿಯಾಗಿ ಏನು ಮಾಡುವುದಿಲ್ಲ ಎಂಬುದನ್ನೂ ಕೈಪಿಡಿ ಹೇಳಬೇಕಾಗುವುದು ಇದಕ್ಕೇ.

ಹಾಗೆ ಹೇಳಿದ ಒಳ್ಳೆಯ ಉದಾಹರಣೆಯೂ ಡಿಗ್‌ನ ಕೈಪಿಡಿಯಲ್ಲೇ ಇದೆ. ‘+ಟ್ರೇಸ್’ ಕೊಟ್ಟರೆ ಹುಡುಕಾಟ ಬೇರಿನ ಸರ್ವರುಗಳಿಂದ ಹಂತಹಂತವಾಗಿ ಕೆಳಗಿಳಿಯುತ್ತದೆ. ಜೊತೆಗೆ ‘@’ ಹಾಕಿ 8.8.8.8 ಎಂದು ಬರೆದವರು ಎಲ್ಲ ಪ್ರಶ್ನೆಯೂ ಗೂಗಲ್‌ನ ಸರ್ವರಿಗೇ ಹೋಯಿತೆಂದು ತಿಳಿಯುತ್ತಾರೆ. ಹೋಗುವುದು ಮೊದಲ ಪ್ರಶ್ನೆ ಮಾತ್ರ, ಬೇರಿನ ಸರ್ವರುಗಳು ಯಾವುವು ಎಂಬುದು. ಕೈಪಿಡಿ ಇದನ್ನು ಒಂದೇ ವಾಕ್ಯದಲ್ಲಿ ಬಿಡಿಸಿ ಹೇಳಿದೆ.

ಬೈಂಡ್ ತಂತ್ರಾಂಶದ ಜೊತೆ ಡಿಗ್ ಅನ್ನು ಹೊರತರುವುದು ಇಂಟರ್ನೆಟ್ ಸಿಸ್ಟಮ್ಸ್ ಕನ್ಸಾರ್ಟಿಯಂ. ಆಯ್ಕೆಗಳು ಬಹುಶಃ ಹೆಚ್ಚಾಗಿಬಿಟ್ಟಿವೆ ಎಂದು ಕೈಪಿಡಿಯ ದೋಷಗಳ ಭಾಗದಲ್ಲಿ ಬರೆದವರೇ ಒಪ್ಪಿಕೊಂಡಿದ್ದಾರೆ.

ಆ ಆಯ್ಕೆಗಳಲ್ಲೊಂದು ಕನ್ನಡಿಗರಿಗೆ ನೇರ ಸಂಬಂಧಿಸಿದ್ದು. ಕನ್ನಡ ಲಿಪಿಯ ‘.ಭಾರತ’ ಡಿಎನ್‌ಎಸ್‌ನೊಳಗೆ ಓಡಾಡುವುದು ‘ಎಕ್ಸ್‌ಎನ್’ನಿಂದ ಶುರುವಾಗುವ ರೋಮನ್ ಅಕ್ಷರಗಳ ವೇಷದಲ್ಲಿ. ಅನ್ಯಲಿಪಿಯ ಬೆಂಬಲ ಸೇರಿಸಿ ಕಟ್ಟಿದ ಡಿಗ್ ಅದನ್ನು ತೆರೆಯ ಮೇಲೆ ಮತ್ತೆ ಕನ್ನಡಕ್ಕೆ ತಿರುಗಿಸುತ್ತದೆ. ಅದೇ ಉತ್ತರವನ್ನು ಕಡತಕ್ಕೆ ಹಾಯಿಸಿದರೆ ಕನ್ನಡ ಮಾಯ, ರೋಮನ್ ಸಾಲು ಮಾತ್ರ. ಇದೂ ಕೈಪಿಡಿಯಲ್ಲಿದೆ: ಕಡತಕ್ಕೆ ಅಥವಾ ಪೈಪ್‌ಗೆ ಹೋಗುವ ಉತ್ತರದಲ್ಲಿ ಲಿಪಿ ಬದಲಿಸುವುದಿಲ್ಲ.