ಪತ್ತೇದಾರಿ ಕಥೆಗಳೂ ಗೃಹಶಿಕ್ಷಣವೂ

ರಾಮದುರ್ಗ ಸೀಮೆಯ ಕಟಕೋಳವಾಗಲಿ, ದೂರದ ಬೆಂಗಳೂರಾಗಲಿ, ಮಕ್ಕಳ ಕೈಯಲ್ಲಿ ಪತ್ತೇದಾರಿ ಕಾದಂಬರಿಯನ್ನು ಕಂಡೊಡನೆ ಹಿರಿಯರು ಹುಬ್ಬು ಗಂಟಿಕ್ಕುವುದುಂಟು. ಈ ವಾಚನದಿಂದ ಕಾಲಹರಣವಲ್ಲದೆ ಬೇರೆ ಫಲವಿಲ್ಲವೇ ಎಂಬುದನ್ನು ನಾವು ವಿಚಾರಿಸುವೆವು.

ವಿಕ್ಟೋರಿಯಾ ರಾಣಿಯ ಆಳಿಕೆಯಲ್ಲಿ, 1887ರಲ್ಲಿ, ಆರ್ಥರ್ ಕಾನನ್ ಡಾಯ್ಲರ ಷರ್ಲಾಕ್ ಹೋಮ್ಸನು ಮೊದಲು ಕಾಣಿಸಿಕೊಂಡನು. 1893ರಲ್ಲಿ ಗ್ರಂಥಕರ್ತರೇ ಅವನಿಗೆ ಮರಣವನ್ನು ಕಲ್ಪಿಸಿದರೂ ವಾಚಕರು ಬಿಡಲಿಲ್ಲ. 1903ರಲ್ಲಿ ಅವನು ಮರಳಿ ಬಂದನು. 1927ರ ವರೆಗೆ 4 ಕಾದಂಬರಿಗಳೂ 56 ಕಥೆಗಳೂ ಹೊರಬಿದ್ದವು. ಕನ್ನಡದಲ್ಲಿ ಎನ್. ನರಸಿಂಹಯ್ಯನವರು ನಾಲ್ಕನೆಯ ತರಗತಿಯ ವರೆಗೆ ಮಾತ್ರ ಕಲಿತವರಾದರೂ 500ಕ್ಕೂ ಮಿಗಿಲಾದ ಕಾದಂಬರಿಗಳನ್ನು ರಚಿಸಿದರು. ಅವರ ಪತ್ತೇದಾರ ಪುರುಷೋತ್ತಮನು ಎಷ್ಟೋ ಜನರಿಗೆ ಓದಿನ ರುಚಿ ಹತ್ತಿಸಿದನು.

ಆದರೆ ನಿಜವಾದ ಲಾಭವು ಬೇರೊಂದಿದೆ. 1892ರಲ್ಲಿ ಪ್ರಕಟವಾದ ನೀಲಮಣಿಯ ಕಥೆಯನ್ನೇ ನೋಡಿರಿ. ಹೋಟೆಲೊಂದರಲ್ಲಿ ಒಡವೆ ಕಳವಾಗುತ್ತದೆ. ನಳ್ಳಿಯ ಕೆಲಸದವನೊಬ್ಬನು ಹಿಂದೆ ಶಿಕ್ಷೆ ಅನುಭವಿಸಿದ್ದನೆಂಬ ಕಾರಣದಿಂದ ಅವನನ್ನೇ ಸೆರೆ ಹಿಡಿಯುತ್ತಾರೆ. ನಿಜವಾದ ಕಳ್ಳನೋ ಆ ಹೋಟೆಲಿನ ನಂಬಿಕೆಯ ನೌಕರನು! ನಮ್ಮ ಮನೆಗಳಲ್ಲಿಯೂ ಒಂದು ಬೆಳ್ಳಿಯ ಬಟ್ಟಲು ಕಾಣದಾದರೆ ಮೊದಲ ಸಂಶಯವು ಮುಸುರೆ ತಿಕ್ಕುವ ಬಡವಳ ಮೇಲೆ ಬೀಳುವುದಿಲ್ಲವೇ? ಆ ಒಂದು ಮಾತಿನಿಂದ ಅವಳ ಮಾನವೂ ಅನ್ನವೂ ಹೋಗುವವು.

ಆದುದರಿಂದ ತಾಯಂದಿರು ಇಂತಹ ಕಥೆಯನ್ನು ಮಕ್ಕಳೊಡನೆ ಓದಲಿ, ಕಡೆಯ ಅಧ್ಯಾಯಕ್ಕೆ ಮುಂಚೆ ಪುಸ್ತಕವನ್ನು ಮುಚ್ಚಿ, "ಅಪರಾಧಿ ಯಾರು? ನಿನ್ನ ಆಧಾರವೇನು?" ಎಂದು ಕೇಳಲಿ. ಆಧಾರವಿಲ್ಲದೆ ಒಬ್ಬರ ಹೆಸರೆತ್ತಲು ಅಂಜುವ ಮಗುವು ಮುಂದೆ ನ್ಯಾಯವಂತ ಗೃಹಸ್ಥನಾಗುವುದರಲ್ಲಿ ಸಂದೇಹವಿಲ್ಲ.