ಕುಂಬಾರಕೊಪ್ಪಲಿನ ಮತದಾರರೂ ಜಾತಿಗಣನೆಯೂ

ಮೈಸೂರು ನಗರದೊಳಗೆ ಸೇರಿರುವ ಕುಂಬಾರಕೊಪ್ಪಲಿನ ಹೆಸರನ್ನು ಕೇಳಿದೊಡನೆ ಅಲ್ಲಿಯ ಮತದಾರರಲ್ಲಿ ಕುಂಬಾರರೇ ಬಹುಸಂಖ್ಯಾತರೆಂದು ಊಹಿಸುವುದು ಸುಲಭ. 'ಕುಂಭಕಾರ' ಶಬ್ದದ ತದ್ಭವವು 'ಕುಂಬಾರ'. 'ಕೊಪ್ಪಲು' ಎಂದರೆ ಸಣ್ಣ ಹಳ್ಳಿ. ಆದರೆ ಸ್ಥಳನಾಮವು ಹೆಸರಿಟ್ಟ ಕಾಲಕ್ಕೆ ಸಾಕ್ಷಿಯೇ ಹೊರತು ಇಂದಿನ ನಿವಾಸಿಗಳಿಗಲ್ಲ. ಮತದಾರರ ಪಟ್ಟಿಯನ್ನು ತೆರೆದರೂ ಸಂಶಯ ತೀರದು. ಅದರಲ್ಲಿ ಹೆಸರು, ತಂದೆಯ ಅಥವಾ ಪತಿಯ ಹೆಸರು, ವಯಸ್ಸು, ಲಿಂಗ, ಮನೆಯ ಸಂಖ್ಯೆ ಇವು ಇರುವುವಲ್ಲದೆ ಜಾತಿಯ ಅಂಕಣವಿಲ್ಲ. ಕ್ಷೇತ್ರಕ್ಕೆ ಒಂದೇ ಸಾಮಾನ್ಯ ಪಟ್ಟಿಯಿರತಕ್ಕದ್ದೆಂದೂ, ಕೇವಲ ಮತ, ಜನಾಂಗ, ಜಾತಿ, ಲಿಂಗಗಳ ಕಾರಣದಿಂದ ಯಾರೂ ಅದಕ್ಕೆ ಅನರ್ಹರಾಗಕೂಡದೆಂದೂ ಸಂವಿಧಾನದ 325ನೆಯ ಅನುಚ್ಛೇದವು ವಿಧಿಸಿರುವುದು. ಇಲ್ಲಿ 'ಮತ'ವೆಂದರೆ ಧರ್ಮ. 'ಮತದಾರ'ನಲ್ಲಿರುವ ಮತವಾದರೋ ಅಭಿಪ್ರಾಯ. ಸಂಸ್ಕೃತ ಪ್ರಕೃತಿಗೆ ಪಾರಸಿಯ 'ದಾರ್' ಪ್ರತ್ಯಯವು ಹತ್ತಿದ ಈ ಶಬ್ದವು ವೈಯಾಕರಣರಿಗೆ ರುಚಿಸದಿರಬಹುದು. ಆ ಎರಡು ಅರ್ಥಗಳನ್ನು ಬೆರೆಸುವುದು ಅದಕ್ಕಿಂತ ದೊಡ್ಡ ದೋಷ.

1881ರಲ್ಲಿ ಸ್ಥಾಪಿತವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಮುಂದೆ ಚುನಾವಣೆಗಳು ನಡೆದಾಗಲೂ ಕಂದಾಯ, ಆಸ್ತಿ, ವಿದ್ಯೆಗಳೇ ಹಕ್ಕಿಗೆ ಆಧಾರವಾಗಿದ್ದುವು. ವಯಸ್ಕರೆಲ್ಲರಿಗೂ ಹಕ್ಕು ದೊರೆತುದು 1951-52ರ ಮಹಾಚುನಾವಣೆಯಲ್ಲಿ. ಹಾಗೆ ದೊರೆಯುವ ವೇಳೆಗೆ ಜಾತಿಗಳ ಪೂರ್ಣ ಗಣನೆ ನಿಂತುಹೋಗಿತ್ತು. 1931ರ ತರುವಾಯ ಅಂತಹ ಕೋಷ್ಟಕಗಳು ಹೊರಬರಲಿಲ್ಲ. 1951ರಿಂದ 2011ರವರೆಗಿನ ಜನಗಣತಿಗಳಲ್ಲಿ ಪರಿಶಿಷ್ಟರನ್ನು ಮಾತ್ರ ಬೇರೆಯಾಗಿ ಎಣಿಸಲಾಯಿತು.

ಎಣಿಸಿದ ಸಂಖ್ಯೆಗೂ ಎಚ್ಚರಿಕೆ ಬೇಕು. ಕರ್ಣಾಟಕದಲ್ಲಿ 1971ರಲ್ಲಿ ಶೇಕಡ 1ಕ್ಕಿಂತ ಕಡಿಮೆಯಿದ್ದ ಪರಿಶಿಷ್ಟ ಪಂಗಡದವರು 1981ರಲ್ಲಿ ಸುಮಾರು ಶೇಕಡ 5 ಆದರು. ಹತ್ತು ವರ್ಷಗಳಲ್ಲಿ ವಂಶವು ಹೀಗೆ ಬೆಳೆದುದಲ್ಲ. 1976ರ ಶಾಸನವು ಪ್ರಾದೇಶಿಕ ನಿರ್ಬಂಧಗಳನ್ನು ತೆಗೆದುಹಾಕಿದುದೇ ಇದಕ್ಕೆ ಮುಖ್ಯ ಕಾರಣ. 2011ರಲ್ಲಿ ಪರಿಶಿಷ್ಟ ಜಾತಿಯವರು ಶೇಕಡ 17.15, ಪಂಗಡದವರು ಶೇಕಡ 6.95.

ಇವು ಜನಸಂಖ್ಯೆಯ ಪ್ರಮಾಣಗಳು, ಮತದಾರರವಲ್ಲ. ತಲಾ 1000 ಜನರಿರುವ ಎರಡು ಸಮುದಾಯಗಳನ್ನು ಕಲ್ಪಿಸಿಕೊಳ್ಳಬಹುದು. ಒಂದರಲ್ಲಿ 18 ತುಂಬದವರು 400, ಇನ್ನೊಂದರಲ್ಲಿ 250. ಜನದಲ್ಲಿ ಇವು ಸಮವಾಗಿದ್ದರೂ ವಯಸ್ಕರು 600 ಮತ್ತು 750. ಮತಬಲದಲ್ಲಿ ಮೊದಲನೆಯದು ಶೇಕಡ 44ಕ್ಕೆ ಇಳಿಯುವುದು. ವಿಧಾನಸಭೆಯ 224 ಸ್ಥಾನಗಳಲ್ಲಿ ಪರಿಶಿಷ್ಟ ಜಾತಿಗೆ 36, ಪಂಗಡಕ್ಕೆ 15 ಮೀಸಲಾಗಿರುವುದು ಜನಸಂಖ್ಯೆಯ ಪ್ರಮಾಣಾನುಸಾರವಾಗಿಯಾದುದರಿಂದ ಅಲ್ಲಿ ಮಕ್ಕಳೂ ಎಣಿಕೆಗೆ ಬರುವರು. ಮೀಸಲಿಲ್ಲದ ಸಮುದಾಯಕ್ಕೆ ಈ ಅನುಕೂಲವಿಲ್ಲ.

ಕುಂಬಾರರ ಸ್ಥಿತಿ ಇದೇ. ಅವರು ಹಿಂದುಳಿದ ವರ್ಗಗಳ 2ಎ ಪ್ರವರ್ಗಕ್ಕೆ ಸೇರಿದವರು. ವಿದ್ಯೆ ಉದ್ಯೋಗಗಳಲ್ಲಿ ಮೀಸಲಾತಿಯುಂಟು, ವಿಧಾನಸಭೆಯಲ್ಲಿಲ್ಲ. ಅಲ್ಲಿ ತಮ್ಮವರಿಗೆ ಸ್ಥಾನ ಕೇಳಬೇಕಾದರೆ ಸಂಖ್ಯೆಯನ್ನೇ ತೋರಿಸಬೇಕು. ಚುನಾವಣೆ ಬಂದಾಗ ಪಟ್ಟಿಯ ಹೆಸರುಗಳಿಂದಲೇ ಜಾತಿಯನ್ನು ತಿಳಿದೆವೆಂಬವರು ಎಲ್ಲೆಡೆಯೂ ಇರುವರು. 'ಶೆಟ್ಟಿ' ಎಂಬುದು ಕರಾವಳಿಯ ಬಂಟರಲ್ಲಿಯೂ ಮೈಸೂರು ಸೀಮೆಯ ಉಪ್ಪಾರರಲ್ಲಿಯೂ ಬಣಜಿಗರಲ್ಲಿಯೂ ಬಳಕೆಯಲ್ಲಿರುವಾಗ ಈ ವಿದ್ಯೆ ಎಷ್ಟು ದೂರ ನಡೆದೀತು? ರಾಜ್ಯದ ಹಿಂದುಳಿದ ವರ್ಗಗಳ ಆಯೋಗವು 2015ರಲ್ಲಿಯೂ 2025ರಲ್ಲಿಯೂ ಮನೆಮನೆಯ ಸಮೀಕ್ಷೆ ನಡೆಸಿತು. ಅವುಗಳಿಂದ ಒಂದು ಬಡಾವಣೆಯ ಮತದಾರವರ್ಗವನ್ನು ಅರಿಯಬೇಕಾದರೆ ಜಾತಿಯೊಡನೆ ವಯಸ್ಸನ್ನೂ ವಾಸಸ್ಥಳವನ್ನೂ ಜೋಡಿಸಿ ಓದಬೇಕಾಗುವುದು.