ಜಾಲತಾಣಕ್ಕೆ ಗೂಗಲ್, ಫೇಸ್‌ಬುಕ್ ಖಾತೆಗಳ ಮೂಲಕ ಪ್ರವೇಶ: ವರ್ತಕರು ಗಮನಿಸಬೇಕಾದ ಅಂಶಗಳು

ಸ್ವಂತ ಜಾಲತಾಣದ ಮೂಲಕ ಸರಕು ಮಾರುವ ವರ್ತಕರಿಗೂ ಸಣ್ಣ ಉತ್ಪಾದಕರಿಗೂ ನೋಂದಣಿ ಎಂಬುದು ಒಂದು ತೊಡಕು. ಸರಕು ಆರಿಸಿಕೊಂಡ ಗ್ರಾಹಕನು ಹೆಸರು ಬರೆದು, ಹೊಸದೊಂದು ಪಾಸ್‌ವರ್ಡ್ ರಚಿಸಿ, ಅದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಈ ಹಂತದಲ್ಲಿಯೇ ಬೇಸತ್ತು ಹಿಂದಿರುಗುವವರುಂಟು. ಗ್ರಾಹಕನು ಈಗಾಗಲೇ ಹೊಂದಿರುವ ಗೂಗಲ್, ಫೇಸ್‌ಬುಕ್ ಅಥವಾ ಆ್ಯಪಲ್ ಖಾತೆಯ ಮೂಲಕವೇ ಅವನಿಗೆ ಪ್ರವೇಶ ನೀಡುವ ‘ಸೋಷಿಯಲ್ ಲಾಗಿನ್’ ವ್ಯವಸ್ಥೆಯು ಈ ತೊಡಕನ್ನು ನಿವಾರಿಸುತ್ತದೆ. ಆದರೆ ಇದರಿಂದ ನಮ್ಮ ಅಂಗಡಿಯ ಬಾಗಿಲಿನ ಒಂದು ಕೀಲಿ ಪರರ ಕೈ ಸೇರುತ್ತದೆ. ಅನುಕೂಲವನ್ನು ಪಡೆಯುವಾಗಲೇ ಗ್ರಾಹಕರ ವಹಿಯನ್ನು ನಮ್ಮಲ್ಲಿಯೇ ಉಳಿಸಿಕೊಳ್ಳುವ ಏರ್ಪಾಡನ್ನೂ ಮಾಡಿಕೊಳ್ಳುವುದು ಅವಶ್ಯ.

ಕಾರ್ಯವಿಧಾನ

ಫೇಸ್‌ಬುಕ್ ಸಂಸ್ಥೆಯು 2008ರಲ್ಲಿ ‘ಫೇಸ್‌ಬುಕ್ ಕನೆಕ್ಟ್’ ಎಂಬ ಹೆಸರಿನಲ್ಲಿ ಈ ಸೌಲಭ್ಯವನ್ನು ಇತರ ಜಾಲತಾಣಗಳಿಗೆ ಒದಗಿಸಿತು. 2012ರ ಅಕ್ಟೋಬರ್‌ನಲ್ಲಿ ‘ಓಆಥ್ 2.0’ ಹಾಗೂ 2014ರ ಫೆಬ್ರವರಿಯಲ್ಲಿ ‘ಓಪನ್‌ಐಡಿ ಕನೆಕ್ಟ್’ ಎಂಬ ಮಾನದಂಡಗಳು ಪ್ರಕಟವಾದವು.

ಪರಸ್ಥಳದಿಂದ ಬಂದ ವ್ಯಾಪಾರಿಯನ್ನು ಊರಿನ ಪರಿಚಿತ ಸಾಹುಕಾರರು “ಇವರನ್ನು ನಾನು ಬಲ್ಲೆ” ಎಂದು ಪರಿಚಯಿಸುವ ಪದ್ಧತಿಯನ್ನೇ ಇದು ಹೋಲುತ್ತದೆ. ಗ್ರಾಹಕನು ಗುಂಡಿಯನ್ನು ಒತ್ತಿದೊಡನೆ ಗೂಗಲ್‌ನ ಪುಟಕ್ಕೆ ಹೋಗುತ್ತಾನೆ. ಪಾಸ್‌ವರ್ಡ್ ಕೇಳಿದರೆ ಅಲ್ಲಿಯೇ ನೀಡಿ, ತನ್ನ ಒಪ್ಪಿಗೆ ಸೂಚಿಸುತ್ತಾನೆ. ಅಲ್ಲಿಂದ ಬಂದ ಸಂಕೇತವನ್ನು ನಮ್ಮ ಸರ್ವರ್ ಗೂಗಲ್‌ಗೆ ಒಪ್ಪಿಸಿ, ಗ್ರಾಹಕನ ಹೆಸರು, ಇ-ಮೇಲ್ ಮತ್ತು ಗುರುತು ಸಂಖ್ಯೆಯನ್ನು ಪಡೆಯುತ್ತದೆ. ಅವನ ಪಾಸ್‌ವರ್ಡ್ ನಮ್ಮ ಕೈಗೆ ಬರುವುದೇ ಇಲ್ಲ. ಅದನ್ನು ಕಾಪಾಡುವ ಹೊಣೆಯೂ ತಪ್ಪುತ್ತದೆ.

ಆದರೆ ಈ ಪರಿಚಯವು ಗುರುತಿಗೆ ಮಾತ್ರ ಸಾಕ್ಷಿ, ಹಣಕ್ಕೆ ಜಾಮೀನಲ್ಲ. ಬಿಲ್ಲಿಗೆ ಅಗತ್ಯವಾದ ವಿಳಾಸವಾಗಲಿ ಜಿಎಸ್‌ಟಿ ಸಂಖ್ಯೆಯಾಗಲಿ ಇದರಿಂದ ದೊರೆಯುವುದಿಲ್ಲ.

ಅಳವಡಿಸುವಾಗ

ಮೊದಲನೆಯದಾಗಿ, ಗೂಗಲ್ ಅಥವಾ ಫೇಸ್‌ಬುಕ್‌ನ ಡೆವಲಪರ್ ವಿಭಾಗದಲ್ಲಿ ನಮ್ಮ ಜಾಲತಾಣವನ್ನು ನೋಂದಾಯಿಸಬೇಕು. ಈ ನೋಂದಣಿಯು ಸಂಸ್ಥೆಯ ಅಧೀನದಲ್ಲಿರುವ ಖಾತೆಯಲ್ಲಿರಬೇಕೇ ಹೊರತು, ಜಾಲತಾಣ ರೂಪಿಸಿಕೊಟ್ಟವರ ವೈಯಕ್ತಿಕ ಖಾತೆಯಲ್ಲಿ ಅಲ್ಲ. ಅವರೊಂದಿಗಿನ ವ್ಯವಹಾರ ಮುಗಿದ ಮೇಲೂ ಕೀಲಿಯು ಅವರಲ್ಲಿಯೇ ಉಳಿದರೆ ಅದನ್ನು ಮರಳಿ ಪಡೆಯುವುದು ಕಷ್ಟ.

ಎರಡನೆಯದಾಗಿ, ನೋಂದಣಿಯಾದಾಗ ದೊರೆಯುವ ರಹಸ್ಯ ಸಂಕೇತವನ್ನು ಸರ್ವರ್‌ನಲ್ಲಿ ಮಾತ್ರ ಇರಿಸಬೇಕು. ಎಲ್ಲರಿಗೂ ಕಾಣುವ ಪುಟದ ಕೋಡ್‌ನಲ್ಲಿ ಸೇರಿಸಕೂಡದು. ಗ್ರಾಹಕನು ಮರಳಿ ಬರಬೇಕಾದ ವಿಳಾಸವು ನೋಂದಣಿಯಲ್ಲಿ ಬರೆದುದಕ್ಕೆ ಅಕ್ಷರಶಃ ಹೊಂದಬೇಕು. ಖಾಸಗಿ ಮಾಹಿತಿಯನ್ನು ಹೇಗೆ ಬಳಸಲಾಗುವುದೆಂದು ತಿಳಿಸುವ ಪುಟವೂ ಇರಬೇಕು.

ಮೂರನೆಯದಾಗಿ, ಹೆಸರು ಮತ್ತು ಇ-ಮೇಲ್ ಹೊರತು ಬೇರೇನನ್ನೂ ಕೇಳದಿರುವುದು ಒಳಿತು. ಸ್ನೇಹಿತರ ಪಟ್ಟಿ, ಜನ್ಮದಿನಾಂಕ ಮುಂತಾದವನ್ನು ಕೇಳಿದರೆ ಗ್ರಾಹಕನಿಗೆ ಸಂಶಯ ಮೂಡುತ್ತದೆ. ಸಂಗ್ರಹಿಸಿದ ಮಾಹಿತಿಯ ಹೊಣೆಯೂ ಹೆಚ್ಚುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು, ಮಾಹಿತಿ ರಕ್ಷಣೆಗೆ ಸೂಕ್ತ ಕ್ರಮ ಕೈಗೊಳ್ಳದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂಥವಾಗಿವೆ.

ಪರಾವಲಂಬನೆಯ ಅಪಾಯ

2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸೇವೆಯು ಸುಮಾರು ಆರು ಗಂಟೆಗಳ ಕಾಲ ಜಗತ್ತಿನಾದ್ಯಂತ ಸ್ಥಗಿತಗೊಂಡಿತು. ಆಗ ಫೇಸ್‌ಬುಕ್ ಖಾತೆಯಿಂದಲೇ ಪ್ರವೇಶ ಪಡೆಯುತ್ತಿದ್ದವರು ಅದಕ್ಕೆ ಸಂಬಂಧವಿಲ್ಲದ ಇತರ ಜಾಲತಾಣಗಳಿಗೂ ಹೋಗಲಾರದಾದರು. 2018ರ ಸೆಪ್ಟೆಂಬರ್‌ನಲ್ಲಿ ಬೆಳಕಿಗೆ ಬಂದ ಲೋಪವೊಂದರಿಂದ ಸುಮಾರು 3 ಕೋಟಿ ಫೇಸ್‌ಬುಕ್ ಖಾತೆಗಳ ಪ್ರವೇಶ ಸಂಕೇತಗಳು ಕಳವಾಗಿದ್ದವು. ಗೂಗಲ್ ತನ್ನ ‘ಗೂಗಲ್ ಪ್ಲಸ್’ ಜಾಲವನ್ನು ಸಾಮಾನ್ಯ ಬಳಕೆದಾರರ ಪಾಲಿಗೆ 2019ರ ಏಪ್ರಿಲ್‌ನಲ್ಲಿ ಮುಚ್ಚಿತು. ಅದರ ಪ್ರವೇಶ ಗುಂಡಿಯನ್ನು ಬಳಸುತ್ತಿದ್ದ ಜಾಲತಾಣಗಳು ಅದಕ್ಕೂ ಮೊದಲೇ ಬೇರೆ ಮಾರ್ಗಕ್ಕೆ ಬದಲಾಗಬೇಕಾಯಿತು. ಸರ್ಕಾರದ ಆದೇಶದಿಂದಲೂ ಬಾಗಿಲು ಮುಚ್ಚಬಹುದು: 2020ರ ಜೂನ್ 29ರಂದು ಭಾರತ ಸರ್ಕಾರವು ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿತು.

ಇವುಗಳಲ್ಲಿ ಯಾವುದೂ ವರ್ತಕರ ತಪ್ಪಲ್ಲ. ಆದರೆ ಗ್ರಾಹಕನು ಹೊರಗುಳಿದರೆ ನಷ್ಟ ವರ್ತಕರಿಗೇ.

ವಹಿ ನಮ್ಮದಾಗಿರಲಿ

ಆದ್ದರಿಂದ ಸೋಷಿಯಲ್ ಲಾಗಿನ್ ಎರಡನೆಯ ಬಾಗಿಲಾಗಿರಬೇಕೇ ಹೊರತು ಏಕೈಕ ಬಾಗಿಲಾಗಬಾರದು. ಮೊಬೈಲಿಗೆ ಓಟಿಪಿ ಕಳುಹಿಸಿ ಪ್ರವೇಶ ನೀಡುವ ಸ್ವಂತ ಮಾರ್ಗವೊಂದು ಜೊತೆಗಿರಲಿ. ಮೊದಲ ಖರೀದಿಯ ವೇಳೆಯಲ್ಲಿಯೇ ಗ್ರಾಹಕನ ಮೊಬೈಲ್ ಸಂಖ್ಯೆ ಮತ್ತು ವಿಳಾಸವನ್ನು ಅವನ ಒಪ್ಪಿಗೆಯೊಂದಿಗೆ ಬರೆದುಕೊಳ್ಳಬೇಕು.

ಇ-ಮೇಲ್ ಒಂದನ್ನೇ ನೆಚ್ಚುವಂತಿಲ್ಲ. ಕೇವಲ ಮೊಬೈಲ್ ಸಂಖ್ಯೆಯಿಂದ ಫೇಸ್‌ಬುಕ್ ಖಾತೆ ತೆರೆದವರಲ್ಲಿ ಇ-ಮೇಲ್ ಇಲ್ಲದಿರಬಹುದು. 2019ರಲ್ಲಿ ಬಂದ ಆ್ಯಪಲ್‌ನ ವ್ಯವಸ್ಥೆಯಲ್ಲಿ ಗ್ರಾಹಕನು ನಿಜವಾದ ಇ-ಮೇಲ್ ಮರೆಮಾಚಿ ಬದಲಿ ವಿಳಾಸ ನೀಡಬಹುದು. ಹೀಗಾಗಿ ಖಾತೆಗಳನ್ನು ಆಯಾ ಸಂಸ್ಥೆ ನೀಡುವ ಗುರುತು ಸಂಖ್ಯೆಯ ಆಧಾರದಲ್ಲಿ ದಾಖಲಿಸತಕ್ಕದ್ದು. ಒಬ್ಬನೇ ಗ್ರಾಹಕ ಇಂದು ಗೂಗಲ್‌ನಿಂದ, ನಾಳೆ ಫೇಸ್‌ಬುಕ್‌ನಿಂದ ಬಂದರೆ ಎರಡು ಖಾತೆಗಳಾಗುತ್ತವೆ. ಓಟಿಪಿ ಮೂಲಕ ಖಚಿತಪಡಿಸಿಕೊಂಡ ನಂತರವೇ ಅವನ್ನು ಒಂದುಗೂಡಿಸಬೇಕು. ಇಲ್ಲವಾದರೆ ಒಬ್ಬರ ಖಾತೆಗೆ ಮತ್ತೊಬ್ಬರು ನುಗ್ಗುವ ಸಂಭವವಿದೆ.

ಸಗಟು ವ್ಯಾಪಾರಿಗಳಿಗೆ ಮತ್ತೊಂದು ಸೂಚನೆ. ಡೀಲರುಗಳ ದರಪಟ್ಟಿ, ಬಾಕಿ ಲೆಕ್ಕ ಮುಂತಾದವು ಇರುವ ವಿಭಾಗಕ್ಕೆ ನೌಕರರ ವೈಯಕ್ತಿಕ ಫೇಸ್‌ಬುಕ್ ಖಾತೆಯ ಮೂಲಕ ಪ್ರವೇಶ ನೀಡುವುದು ತರವಲ್ಲ. ನೌಕರನು ಕೆಲಸ ಬಿಟ್ಟರೂ ಆ ಖಾತೆ ಅವನಲ್ಲಿಯೇ ಉಳಿಯುತ್ತದೆ. ಅವನ ಪ್ರವೇಶವನ್ನು ರದ್ದುಪಡಿಸಲು ಮರೆತರೆ ಲೆಕ್ಕಪತ್ರಗಳು ಹೊರಗಿನವರಿಗೆ ತೆರೆದಿಟ್ಟಂತೆಯೇ ಸರಿ.

ಜಾಲತಾಣ ರೂಪಿಸುವವರೊಂದಿಗೆ ಕರಾರು ಮಾಡಿಕೊಳ್ಳುವ ಮುನ್ನ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯುವುದು ಉಚಿತ: ಡೆವಲಪರ್ ನೋಂದಣಿ ಯಾರ ಹೆಸರಿನಲ್ಲಿದೆ? ಆ ಗುಂಡಿ ಒಂದು ದಿನ ಕೆಲಸ ಮಾಡದಿದ್ದರೆ ಹಳೆಯ ಗ್ರಾಹಕರು ಹೇಗೆ ಒಳಬರುತ್ತಾರೆ? ಗ್ರಾಹಕರ ಪಟ್ಟಿಯ ಪ್ರತಿ ನಮ್ಮ ಬಳಿ ಇರುತ್ತದೆಯೇ? ಇವುಗಳಿಗೆ ಸಮಾಧಾನಕರ ಉತ್ತರ ದೊರೆತಲ್ಲಿ, ಈ ಸೌಲಭ್ಯವನ್ನು ವರ್ತಕ ಬಾಂಧವರು ನಿಶ್ಚಿಂತೆಯಿಂದ ಬಳಸಿಕೊಳ್ಳಬಹುದು.